ಯಾರು ಹಿಡಿದುಕೊಳ್ಳಬೇಕು

ಅಂಗಿ ಕಾರ್ಖಾನೆಯಲ್ಲಿ ಅವಳನ್ನು ಎಲ್ಲರೂ ಕಾಲರಕ್ಕ ಎನ್ನುತ್ತಿದ್ದರು. ವರ್ಷಗಟ್ಟಲೆ ಕಾಲರುಗಳನ್ನಷ್ಟೇ ಹೊಲಿದ ಕೈ. ಹೊಲಿಗೆ ಕೂದಲೆಳೆಯಷ್ಟೂ ವಾಲಿದ್ದಿಲ್ಲ. ಆ ಕೈ ಆಸ್ಪತ್ರೆಯಲ್ಲಿ ನಡುಗಿತು.

ಮಗಳ ಹಿಂದಲೆಯೊಳಗಿನ ಗೆಡ್ಡೆಯನ್ನು ವೈದ್ಯರು ತೆಗೆದಿದ್ದರು. ಆದರೆ ಮಿದುಳನ್ನೂ ಬೆನ್ನುಹುರಿಯನ್ನೂ ಸುತ್ತಿ ಹರಿಯುವ ದ್ರವದಲ್ಲಿ ಅದರ ಕಣಗಳು ತೇಲಿಹೋಗಿ ಬೆನ್ನಿನಲ್ಲೆಲ್ಲೋ ಬೇರೂರಿರಬಹುದು. ಸೊಂಟದ ಬಳಿ ಸೂಜಿ ಹಾಕಿ ಆ ದ್ರವವನ್ನು ಪರೀಕ್ಷಿಸದೆ ಮುಂದಿನ ಚಿಕಿತ್ಸೆ ನಿರ್ಧರಿಸಲಾಗದು ಎಂದರು. ಮಗು ಮೊಣಕಾಲುಗಳನ್ನು ಎದೆಗೊತ್ತಿ ಮುದುಡಿ ಮಲಗಬೇಕು, ಯಾರಾದರೊಬ್ಬರು ಅಲುಗದಂತೆ ಹಿಡಿದಿರಬೇಕು.

"ಅತ್ತೆ ಹಿಡ್ಕೊಳ್ಲಿ," ಎಂದಳು ಮಗಳು.

ಅತ್ತೆಯೆಂದರೆ ಕಾಲರಕ್ಕನ ನಾದಿನಿ. ಮಕ್ಕಳ ಕೂದಲು ಕತ್ತರಿಸುವ ಸಲೂನಿನವಳು. ಚೀರಾಡುವ ತಲೆಗಳನ್ನು ಹರಟೆಯಲ್ಲೇ ಕಟ್ಟಿಹಾಕುವ ಜಾಣೆ. ಕಾಲರಕ್ಕನ ಹೊಟ್ಟೆಯುರಿ ಹೊಸದಲ್ಲ. ತಾನು ಕಾರ್ಖಾನೆಯಲ್ಲಿದ್ದಾಗ ಮಗಳ ಮೊದಲ ಹಲ್ಲು ಬಿದ್ದದ್ದೂ ನಾದಿನಿಯ ಅಂಗೈಗೇ. ಈಗ ನೋವೂ ಅವಳ ಪಾಲಿಗೇ ಹೋಗಬೇಕೆ?

ನಾದಿನಿಗೆ ನೆಗಡಿಯಾಗಿದೆ ಎಂದು ಕಾಲರಕ್ಕ ನರ್ಸಿನ ಕಿವಿಯಲ್ಲಿ ಪಿಸುಗುಟ್ಟಿದಳು. ಸೋಂಕಿನ ಭಯಕ್ಕೆ ನರ್ಸ್ ಅವಳನ್ನು ಬಾಗಿಲಾಚೆಯೇ ತಡೆದಳು. ತಾಯಿಯೇ ಹಿಡಿದಳು. ತಾಯಿಯ ನಡುಕ ಮಗಳಿಗೂ ಹತ್ತಿತು. ಮಗು ಸೆಟೆದುಕೊಂಡಿತು, ಸೂಜಿ ಎಲುಬಿಗೆ ತಾಗಿತು. ವೈದ್ಯರು ಸೂಜಿ ಹೊರತೆಗೆದು, ಇನ್ನೊಮ್ಮೆ ನೋಡೋಣ, ಆಗಲೂ ಆಗದಿದ್ದರೆ ಚಿಕಿತ್ಸೆಯನ್ನು ಮುಂದೂಡಬೇಕಾಗುತ್ತದೆ ಎಂದರು.

"ಅಮ್ಮಾ, ನೀನು ಅಳ್ತೀಯ. ನಂಗೆ ಭಯ ಆಗುತ್ತೆ."

ಕಾಲರಕ್ಕ ಹೊರಗೆ ಹೋದಳು. ನಾದಿನಿ ಬೆಂಚಿನಿಂದ ಎದ್ದು ನಿಂತಳು.

"ನಿಂಗೆ ನೆಗಡಿ ಇಲ್ಲ ಅಂತ ನೀನೇ ಬಂದು ಹೇಳು. ಇದೆ ಅಂದವಳು ನಾನು."

"ಆ ನರ್ಸಮ್ಮ ನನ್ನ ಮೂಗನ್ನೇ ದಿಟ್ಟಿಸಿದಾಗ್ಲೇ ಗೊತ್ತಾಯ್ತು. ನಡೀರಿ ಅತ್ತಿಗೆ."

ಒಳಗೆ ನಾದಿನಿ ಮಗುವಿನ ಮೇಲೆ ಬಾಗಿ, ಒಂದು ಕೈಯಿಂದ ಕತ್ತನ್ನೂ ಇನ್ನೊಂದರಿಂದ ಮಂಡಿಗಳನ್ನೂ ಬಳಸಿದಳು. "ಅಲುಗಿದ್ರೆ ನೋಡು, ಕೂದಲು ಬೆಳೆದ್ಮೇಲೆ ಒಂದೇ ಕಡೆ ಕತ್ತರಿಸಿ ಸ್ಕೂಲಿಗೆ ಕಳಿಸ್ತೀನಿ."

ಮಗಳು ನಗುವನ್ನು ತಡೆದು ಅಲುಗದೆ ಮಲಗಿದಳು. ದ್ರವ ತೊಟ್ಟುತೊಟ್ಟಾಗಿ ನಳಿಗೆಗೆ ಇಳಿಯಿತು, ನೀರಿನಷ್ಟೇ ತಿಳಿಯಾಗಿ. ಗೋಡೆಗಂಟಿ ನಿಂತ ತಾಯಿಯ ಕೈಗೆ ಕೆಲಸವಿರಲಿಲ್ಲ.

ಅಷ್ಟು ತಿಳಿಯಾಗಿ ಕಂಡ ದ್ರವದಲ್ಲೂ ಗೆಡ್ಡೆಯ ಕಣಗಳಿದ್ದವು. ಇಡೀ ಬೆನ್ನಿಗೆ ಚಿಕಿತ್ಸೆ ಬೇಕು, ಸೂಜಿ ಮತ್ತೆ ಮತ್ತೆ ಹಾಕಬೇಕಾಗುತ್ತದೆ ಎಂದು ವೈದ್ಯರು ತಿಳಿಸಿದಾಗ, ಕಾಲರಕ್ಕನಿಗೆ ಅಳುವಿಗಿಂತ ಮೊದಲು ಬಂದದ್ದು ಬೇರೆಯೇ ಯೋಚನೆ: ಹಾಗಾದರೆ ಪ್ರತಿ ಸಲವೂ ಇವಳನ್ನೇ ಕರೆಯಬೇಕು.

ನಾದಿನಿಯ ಮುಖ ನೋಡದೆ ಅವಳು ಕೇಳಿದಳು:

"ಸಲೂನಲ್ಲಿ ನಿಂಗೆ ರಜ ಯಾವತ್ತು?"