ಹರಿಯದ ತಂತಿ

ಸಿಂಧನೂರಿನ ಮದುವೆಗೆ ಬೇಸ್ ಗಿಟಾರ್ ಹೊತ್ತು ಹೊರಟವನು, ಬಸ್ಸು ತಪ್ಪಿ ಮಸ್ಕಿಯ ಗಾದಿ ಅಂಗಡಿಯ ಕಟ್ಟೆ ಮೇಲೆ ಕೂತಿದ್ದೆ. ಮಧ್ಯಾಹ್ನದ ಬಿಸಿಲಲ್ಲಿ ಹತ್ತಿಯ ಎಳೆಗಳು ತೇಲುತ್ತಿದ್ದವು. ಗಾದಿ ಹೊಲಿಯುವ ಚಾಚಾ ಹೊರಬಂದು ಗಿಟಾರಿನ ದಪ್ಪ ತಂತಿ ಮೀಟಿದರು. ಆ ನಾದಕ್ಕೆ ಎಳೆಗಳೂ ತುಸು ನಿಂತು ಕೇಳಿದಂತಿತ್ತು.

“ಎಷ್ಟ ದಿನ ಆತ್ರೀ ಈ ತಂತಿ ಹಾಕಿ?”

“ನಾಕು ವರ್ಷ ಆತ್ರಿ ಚಾಚಾ, ಇನ್ನೂ ಹರಿದಿಲ್ಲ,” ಎಂದೆ ಜಂಬದಿಂದ.

ಅವರು ಗೋಡೆಗೆ ನೇತುಹಾಕಿದ್ದ ಹತ್ತಿ ಹಿಂಜುವ ಬಿಲ್ಲು ತೋರಿಸಿದರು. “ಕೆಲಸ ಇದ್ದಾಗ ತಿಂಗಳಿಗೊಂದು ತಂತಿ ಹರೀತಿತ್ತು. ಮಷೀನ್ ಬಂದ ಮ್ಯಾಲ ಒಂದೂ ಹರಿದಿಲ್ಲ ನೋಡ್ರಿ.”

ನಮ್ಮ ಆರ್ಕೆಸ್ಟ್ರಾದಲ್ಲೂ ಈಗ ಮುಕ್ಕಾಲು ಹಾಡಿಗೆ ಬೇಸನ್ನು ಕೀಬೋರ್ಡಿನವನೇ ನುಡಿಸುತ್ತಾನೆ. ಸಿಂಧನೂರು ಬರುವವರೆಗೂ ಬಸ್ಸಿನಲ್ಲಿ ಸುಮ್ಮನೆ ಮೀಟುತ್ತಲೇ ಇದ್ದೆ, ಒಂದು ತಂತಿಯಾದರೂ ಹರಿಯಲಿ ಎಂದು.