ಆ ವೈರು ಸಿಕ್ಕಿಸಿದ್ದು ನಾನೇ

ಯಲ್ಲವ್ವಕ್ಕಾ, ಕಾಲೇಜಿನ ನೆಟ್‌ವರ್ಕ್ ಕೆಡಿಸಿದ್ದು ನೀವಲ್ಲ — ನಾನು. ಇಷ್ಟನ್ನು ಹೇಳಲು ನನಗೆ ಇಷ್ಟು ವರ್ಷ ಬೇಕಾಯಿತು, ಥೂ ನನ್ನ ಬಾಳೇ! ಕಸ ಹೊಡೆಯುವ ಕೆಲಸವನ್ನೂ ಕಳೆದುಕೊಂಡವರು ನೀವು. ಅದೇ ಕುಂದಗೋಳದ ಕಾಲೇಜಿನಲ್ಲಿ ಇವತ್ತಿಗೂ ಕಂಪ್ಯೂಟರ್ ಸರ್ ಎನಿಸಿಕೊಂಡು ಓಡಾಡುತ್ತಿರುವವನು ನಾನು.

ಆ ವರ್ಷದ ದಸರೆಯ ಖಂಡೇ ಪೂಜೆ ನೆನಪಿದೆಯೇ? ಮಶೀನುಗಳೆಲ್ಲ ಬಂದ್ ಇದ್ದವು. ನೀವು ಲ್ಯಾಬ್ ಒರೆಸಿ, ಸ್ವಿಚ್ ಇರುವ ಕಪಾಟಿನ ಬಾಗಿಲಿಗೂ ಅರಿಷಿಣ-ಕುಂಕುಮ ಹಚ್ಚಿ, ಹೂವಿನ ಹಾರ ಹಾಕಿದಿರಿ. ಲ್ಯಾಬಿನ ಎಲ್ಲ ವೈರುಗಳೂ ಬಂದು ಸೇರುವ ಡಬ್ಬಿಯೇ ಆ ಸ್ವಿಚ್. ನೀವು ಹೋದ ಮೇಲೆ ನಾನು ಫೋಟೋ ತೆಗೆಯಲು ನಿಂತೆ. ಒಂದು ವೈರಿನ ತುದಿ ಹಾರದ ಮುಂದೆ ಜೋತುಬಿದ್ದು ಅಸಹ್ಯವಾಗಿ ಕಂಡಿತು. ಅದರ ಇನ್ನೊಂದು ತುದಿ ಎಲ್ಲಿದೆ ಎಂದು ನೋಡಲಿಲ್ಲ — ಸ್ವಿಚ್ಚಿನಲ್ಲಿ ಖಾಲಿ ಕಂಡ ಪೋರ್ಟಿಗೆ ಸಿಕ್ಕಿಸಿಬಿಟ್ಟೆ. ಎರಡೂ ತುದಿ ಒಂದೇ ಸ್ವಿಚ್ಚಿಗೆ ಸೇರಿದರೆ, ಹೋದ ಸಂದೇಶ ಮತ್ತೆ ಅಲ್ಲಿಗೇ ಬಂದು, ಸುತ್ತಿ ಸುತ್ತಿ, ಇಡೀ ನೆಟ್‌ವರ್ಕ್ ಕಟ್ಟಿಕೊಳ್ಳುತ್ತದೆ. ಇದನ್ನು ಹುಡುಗರಿಗೆ ಪಾಠ ಮಾಡುವವನೂ ನಾನೇ!

ರಜೆ ಮುಗಿದು ಕಾಲೇಜು ತೆರೆದಾಗ ಪರೀಕ್ಷೆಯ ಅರ್ಜಿಗೆ ಕೊನೆಯ ದಿನ. ಲ್ಯಾಬ್ ತುಂಬ ಹುಡುಗ-ಹುಡುಗಿಯರು, ಒಂದು ಅರ್ಜಿಯೂ ಹೋಗುತ್ತಿಲ್ಲ. ಸ್ವಿಚ್ ಬಂದ್ ಮಾಡಿ ಚಾಲೂ ಮಾಡಿದೆ. ನೆಟ್‌ವರ್ಕ್ ಬಂದಂತೆ ಮಾಡಿ ಮತ್ತೆ ಸತ್ತಿತು. ರೌಟರ್ ಬದಲಿಸಿದೆ, ಕಂಪ್ಯೂಟರುಗಳ ಅಡ್ರೆಸ್ಸುಗಳನ್ನೆಲ್ಲ ಅಳಿಸಿ ಮತ್ತೆ ಕೊಟ್ಟೆ, ಹೊರಗಿನ ಲೈನ್ ನೋಡಿದೆ — ಅದು ಸರಿಯಾಗಿಯೇ ಇತ್ತು. ಒಬ್ಬ ಹುಡುಗಿ ಅಳತೊಡಗಿದಳು. ಪ್ರಿನ್ಸಿಪಾಲರು ಬಂದು ಎಲ್ಲರೆದುರು ಒದರಿದರು, "ಏನ್ರಿ ಇದು? ಯಾರ್ ಕೈ ಹಚ್ಯಾರ ಇದಕ್ಕ?"

ನನಗೆ ಒಂದು ಹೆಸರು ಬೇಕಾಗಿತ್ತು. "ಯಲ್ಲವ್ವ ಹಸಿ ಅರಿವೀಲೆ ಒರಸ್ಯಾಳ್ರಿ" ಎಂದುಬಿಟ್ಟೆ.

ನಿಮ್ಮನ್ನು ಕರೆಸಿದರು. ನೀವು ಅವರತ್ತ ನೋಡಲಿಲ್ಲ, ನನ್ನತ್ತ ನೋಡಿದಿರಿ. "ಬಾಗಲಾ ಒರಸೀನ್ರಿ ಸರ್. ಅದರಿಂದನ ಕೆಟ್ಟೈತೇನ್ರಿ?" ವಾದಕ್ಕೆ ಕೇಳಲಿಲ್ಲ ನೀವು. ತಿಳಿದವನು ಹೇಳಲಿ ಎಂದು ಕೇಳಿದಿರಿ.

"ಹೌದು" ಎಂದೆ.

ಭಯದಲ್ಲಿ ಬಾಯಿತಪ್ಪಿ ಬಂದ ಮಾತು ಅಂತ ಅನ್ನಬಹುದಿತ್ತು, ಅಷ್ಟಕ್ಕೇ ಮುಗಿದಿದ್ದರೆ... ಇಲ್ಲ, ಮುಗಿಯಲಿಲ್ಲ. ಆಮೇಲೆ ಒಂದೊಂದೇ ವೈರು ಕಿತ್ತು ನೋಡುತ್ತ ಬಂದೆ. ಆ ವೈರು ಕಿತ್ತ ಕೂಡಲೇ ಎಲ್ಲ ಸರಿಹೋಯಿತು. ಹುಡುಗರು ಕೇಕೆ ಹಾಕಿದರು. ಅದು ಪೂಜೆಯ ದಿನ ನಾನೇ ಸಿಕ್ಕಿಸಿದ ವೈರು. ನೀವಿನ್ನೂ ವರಾಂಡದಲ್ಲೇ ಕೂತಿದ್ದಿರಿ, ಕಣ್ಣೊರೆಸಿಕೊಳ್ಳುತ್ತ. ಬಾಗಿಲು ದಾಟಿ ಒಂದು ಮಾತು ಹೇಳಿದ್ದರೆ ಸಾಕಿತ್ತು. ವೈರನ್ನು ಸುತ್ತಿ ಡ್ರಾವರಿಗೆ ಹಾಕಿ, "ಒಣಗಿದ ಮ್ಯಾಲ ಸರಿ ಆತ್ರಿ" ಎಂದು ಪ್ರಿನ್ಸಿಪಾಲರಿಗೆ ಹೇಳಿದೆ. ಮರುದಿನದಿಂದ ಬರಬೇಡಿ ಎಂದು ನಿಮಗೆ ಹೇಳಿದರು.

ಹೋದ ವಾರ ಬಸ್ ಸ್ಟ್ಯಾಂಡಿನಲ್ಲಿ ನಿಮ್ಮೂರು ಸಂಶಿಯ ಬಸ್ಸಿಗೆ ಕಾಯುತ್ತ ನಿಂತಿದ್ದಿರಿ. ಬಯ್ಯುತ್ತೀರಿ ಅಂದುಕೊಂಡೆ — ಬಯ್ದಿದ್ದರೆ ಎಷ್ಟು ಚಲೋ ಇತ್ತು! "ಆರಾಮ್ರಿ ಸರ್?" ಎಂದು ನಕ್ಕು, ಚೀಲದಿಂದ ಫೋನು ತೆಗೆದು ನನ್ನ ಕೈಗೆ ಕೊಟ್ಟಿರಿ. "ಮಗಳಿಗೆ ಹಚ್ಚಿ ಕೊಡ್ರಿ. ನಾ ಇಂಥಾವು ಮುಟ್ಟಂಗಿಲ್ರಿ. ನನ್ನ ಕೈ ಚಲೋ ಅಲ್ಲ, ಕೆಡ್ತಾವು."

ಹಚ್ಚಿ ಕೊಟ್ಟೆ. ಅಲ್ಲಿಯೂ ಬಾಯಿ ಬಿಡಲಿಲ್ಲ. ಆವತ್ತಿನಿಂದ ಅನ್ನ ಸೇರುತ್ತಿಲ್ಲ, ಅಕ್ಕಾ.

ನಿನ್ನೆ ಪ್ರಿನ್ಸಿಪಾಲರಿಗೆ ಎಲ್ಲ ಹೇಳಿದೆ. "ಹಳೇ ಮಾತು ಈಗ್ಯಾಕ ಕೆದರ್ತೀರಿ, ಬಿಡ್ರಿ" ಎಂದರು. ಅವರಿಗೆ ಹಳೆಯದು. ನೀವೋ, ದಿನಾ ನಿಮ್ಮ ಕೈಗೇ ಹೆದರಿಕೊಂಡು...

ಕ್ಷಮಿಸಿ ಎನ್ನುವ ಮುಖ ನನಗಿಲ್ಲ. ರವಿವಾರ ಸಂಶಿಗೆ ಬರುತ್ತೇನೆ. ನಿಮ್ಮ ಓಣಿಯವರೆದುರು ನಿಂತು ಹೇಳುತ್ತೇನೆ, ಯಲ್ಲವ್ವಕ್ಕನ ಕೈಯಿಂದ ಏನೂ ಕೆಟ್ಟಿರಲಿಲ್ಲ ಎಂದು. ನೀವು ನಂಬುತ್ತೀರೋ ಇಲ್ಲವೋ — ಆವತ್ತೂ ನೀವು ನಂಬಿದ್ದು ನನ್ನ ಮಾತನ್ನೇ.