ಮಾಳ ಮತ್ತು ಗುಳಿಗೆ

ಕುಡಿತವೂ ಒಂದು ಕಾಯಿಲೆ ಎಂದು ನಮಗೆ ಕಲಿಸಲು ದೂರದ ಊರಿನಿಂದ ಡಾಕ್ಟರೊಬ್ಬರು ಬಸವಕಲ್ಯಾಣಕ್ಕೆ ಬಂದಿದ್ದರು. ಎಂಬತ್ತರ ದಶಕದ ಮಾತು. ನಾನಾಗ ಹುಮನಾಬಾದಿನ ಆಸ್ಪತ್ರೆಯಲ್ಲಿ ನರ್ಸು. ಸುತ್ತಲಿನ ನರ್ಸುಗಳನ್ನೂ ಕಂಪೌಂಡರುಗಳನ್ನೂ ಕೂರಿಸಿಕೊಂಡು ಅವರು ಆಡಿದ ಮೊದಲ ಮಾತೇ ನನ್ನ ತಲೆ ಕೆಡಿಸಿತು: "ಕುಡುಕ ಅನ್ನಬೇಡಿ, ರೋಗಿ ಅನ್ನಿ."

ರೋಗಿಯಂತೆ! ಘಾಟಬೋರಾಳದ ನಮ್ಮ ಮನೆಯಲ್ಲೇ ಅಂಥವನೊಬ್ಬನಿದ್ದ, ನನ್ನ ಖಾಸಾ ಅಣ್ಣ. ಅವ್ವನ ಕೈಯ ಬಂಗಾರದ ಪಾಟಲಿ ಮಾರಿ ಕುಡಿದವನನ್ನು ರೋಗಿ ಅಂದರೆ, ಜ್ವರ ಬಂದು ಮಲಗಿದವರನ್ನು ಏನೆನ್ನಬೇಕು?

ಆಮೇಲೆ ನಮ್ಮಿಂದ ನಾಟಕ ಆಡಿಸಿದರು. ಒಬ್ಬರು ಕುಡಿದವರಾಗಬೇಕು, ಇನ್ನೊಬ್ಬರು ಸಿಟ್ಟಾಗದೆ ಮಾತಾಡಿಸಬೇಕು. ನಮ್ಮ ಕಂಪೌಂಡರು ಎಷ್ಟು ಚೆನ್ನಾಗಿ ತೂರಾಡಿದರೆಂದರೆ, "ಎಲ್ಲಿ ಕಲ್ತೀರಿ?" ಎಂದು ಕೇಳಿ ನಾವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕೆವು. ನನ್ನ ಸರದಿ ಬಂದಾಗ ಅದು ನಾಟಕವೆಂಬುದೇ ಮರೆತುಹೋಯಿತು. "ಯಾಕ ಕುಡೀತಿ? ಮನಿ ಹಾಳ ಮಾಡಾಕತ್ತೀಯಲ್ಲ!" ಎಂದು ಬೈದೇಬಿಟ್ಟೆ. ಡಾಕ್ಟರು ತಡೆದರು. "ಯಾಕೆ ಅಂತ ಅಲ್ಲ ಸಿಸ್ಟರ್, ಕೊನೆಗೆ ಕುಡಿದದ್ದು ಯಾವಾಗ ಅಂತ ಕೇಳಿ." ದಿನಾ ಕುಡಿಯುವವರು ಒಮ್ಮೆಗೇ ಬಿಟ್ಟರೆ ಕೈಕಾಲು ನಡುಗಿ, ಇಲ್ಲದ್ದೆಲ್ಲ ಕಂಡು, ಫಿಟ್ಸ್ ಬಂದು ಪ್ರಾಣವೂ ಹೋಗಬಹುದು ಎಂದರು. ಕುಡಿದರೂ ಸಾವು, ಬಿಟ್ಟರೂ ಸಾವು. ಅತ್ತ ದರಿ, ಇತ್ತ ಪುಲಿ. ಬಸ್ಸಿನಲ್ಲಿ ವಾಪಸು ಬರುವಾಗ ಕಲಿತದ್ದಕ್ಕಿಂತ ಮರೆತದ್ದೇ ಹೆಚ್ಚು ಅನ್ನಿಸಿತು.

ಹುಮನಾಬಾದಿಗೆ ಬಂದರೆ, ಅವ್ವ ಅಣ್ಣನನ್ನು ಕರೆದುಕೊಂಡು ಆಸ್ಪತ್ರೆಯಲ್ಲಿ ಕೂತಿದ್ದಳು. ನಾನಿಲ್ಲದಾಗ ಅವನು ಮಾಳ ಹಾಕಿಸಿಕೊಂಡಿದ್ದ. ನಮ್ಮ ಕಡೆ ಕುಡಿತ ಬಿಡುವುದೆಂದರೆ ಹಾಗೇ. ವಿಠ್ಠಲನ ಮುಂದೆ ನಿಂತು, ತುಳಸಿಮಣಿಯ ಮಾಳ ಕೊರಳಿಗೆ ಕಟ್ಟಿಸಿಕೊಂಡು ಆಣೆ ಮಾಡಬೇಕು. ಸ್ವಲ್ಪ ಸ್ವಲ್ಪವೇ ಬಿಡುವ ಮಾತೇ ಇಲ್ಲ. ಅಣ್ಣ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, "ಯಾವ ನಶಾನೂ ಮುಟ್ಟಂಗಿಲ್ಲ" ಎಂದು ಆಣೆ ಮಾಡಿದ್ದ. ಈಗ ಅವನ ಕೈ ಗಡಗಡ ನಡುಗುತ್ತಿತ್ತು. ಗೋಡೆಯ ಮೇಲಿಲ್ಲದ ಇರುವೆಗಳನ್ನು ಒರೆಸುತ್ತಿದ್ದ.

"ದೇವರು ಪರೀಕ್ಷಾ ಮಾಡಾಕತ್ತಾನ" ಎಂದಳು ಅವ್ವ.

ನಮ್ಮ ಆಸ್ಪತ್ರೆಯ ಡಾಕ್ಟರು ನೋಡಿದವರೇ ಗುಳಿಗೆ ಕೊಟ್ಟು, ಇದು ಹೊಟ್ಟೆಗೆ ಹೋಗದಿದ್ದರೆ ಇವತ್ತೇ ಫಿಟ್ಸ್ ಬರಬಹುದು ಎಂದರು. ನಾನು ನೀರು ಹಿಡಿದು ನಿಂತೆ. ಅಣ್ಣನಿಗೆ ಅದೆಲ್ಲಿಂದ ಎಚ್ಚರ ಬಂತೋ, ಬಾಯಿ ಬಿಗಿಹಿಡಿದ.

"ಇದು ತಗೊಂಡ್ರ ಏನಾಗ್ತದ?"

"ನಡುಕ ನಿಲ್ತದ. ನಿದ್ದಿ ಬರ್ತದ."

"ಅದೂ ನಶಾನೇ ಅಲ್ಲೇನು?"

ಈ ಗುಳಿಗೆಗೂ ಚಟ ಹತ್ತುತ್ತದೆ, ನಾಲ್ಕು ದಿನ ಕೊಟ್ಟು ಇಳಿಸುತ್ತ ಬನ್ನಿ ಎಂದು ತರಬೇತಿಯಲ್ಲಿ ಹೇಳಿದ್ದರು. ರೋಗಿಗೆ ಸುಳ್ಳು ಹೇಳಬೇಡಿ ಎಂದೂ ಹೇಳಿದ್ದರು. ಹೌದೆಂದರೆ ಅವನು ನುಂಗುವುದಿಲ್ಲ, ಅಲ್ಲವೆಂದರೆ ಸುಳ್ಳು. ಸೂಜಿ ತೋರಿಸಿದರೆ ತೋಳು ಕಿತ್ತುಕೊಂಡ. ಎಷ್ಟು ಬೈದರೂ ಅವನು ನನ್ನ ಅಣ್ಣ. ಕಣ್ಣೆದುರೇ ಹೋಗಿಬಿಡುತ್ತಾನೆ ಎಂದು ಹೆದರಿದೆ.

ಅವ್ವ ಎದ್ದಳು. ಅವನ ಕೊರಳಿನ ಮಾಳ ಬಿಚ್ಚಿ ತನ್ನ ಕೊರಳಿಗೆ ಕಟ್ಟಿಕೊಂಡಳು. "ನೀ ಆರಾಮ ಆಗೂತನ ನಿನ್ನ ಆಣಿ ನಾ ಹಿಡಿತೇನಿ. ಬಾಯಿ ತಗಿ." ಸೊಂಟದ ತಂಬಾಕಿನ ಚಂಚಿಯನ್ನು ತೆಗೆದು ಕಿಟಕಿಯಿಂದಾಚೆ ಎಸೆದಳು. ಬುದ್ಧಿ ಬಂದಾಗಿನಿಂದ ಅವಳು ತಂಬಾಕು ತಿನ್ನುತ್ತಿದ್ದಳು. ಮಾಳ ಹಾಕಿದವರೂ ತಂಬಾಕು ತಿನ್ನುತ್ತಾರೆ, ಯಾರೂ ತಪ್ಪೆನ್ನುವುದಿಲ್ಲ. ಆದರೆ ಮಗನ ಆಣೆಯಲ್ಲಿ "ಯಾವ ನಶಾನೂ" ಎಂದಿತ್ತಲ್ಲ. ಅಣ್ಣ ಅವಳ ಮುಖವನ್ನೇ ನೋಡುತ್ತ ಗುಳಿಗೆ ನುಂಗಿದ.

ಅವನು ಉಳಿದ. ವಾರ ಕಳೆದು ನಾನು ಊರಿಗೆ ಹೋದಾಗ ಅಂಗಳದಲ್ಲಿ ಕೂತು ಹಗ್ಗ ಹೊಸೆಯುತ್ತಿದ್ದ. ಅವನ ಗುಳಿಗೆ ಇನ್ನೂ ಮುಗಿದಿರಲಿಲ್ಲ, ಮಾಳ ಅವ್ವನ ಕೊರಳಲ್ಲೇ ಇತ್ತು. ಒಳಗೆ ಅವಳದೇ ಗದ್ದಲ. ರೊಟ್ಟಿ ಸೀಯಿತೆಂದು ಹಂಚು ಕುಕ್ಕಿದಳು, ಮಾತಾಡಿಸಿದರೆ ಹರಿಹಾಯ್ದಳು. ಕೈ ಮಾತ್ರ ಬರಿದಾದ ಸೊಂಟದ ಕಡೆಗೇ ಹೋಗುತ್ತಿತ್ತು. ನನಗೂ ರೇಗಿತು. "ಒಂದ ತಂಬಾಕ ಬಿಡ್ಲಿಕ್ಕ ಇಷ್ಟ ರಂಪ ಯಾಕ?" ಎಂದೆ.

ಅಣ್ಣ ಎದ್ದು ಬಂದ. "ಬೈಬ್ಯಾಡ ತಂಗಿ. ಒಳಗ ಹ್ಯಾಂಗ ಆಗ್ತದ ನಿನಗ ಗೊತ್ತಿಲ್ಲ. ಅವ್ವಗೇನಾರ ಗುಳಿಗಿ ಅದ ಏನು?"

ತಂಬಾಕಿನ ವಿಷಯ ನಮಗೆ ಕಲಿಸಿಯೇ ಇರಲಿಲ್ಲ. ಕಲಿಸಿದ ಡಾಕ್ಟರೇ ನಡುನಡುವೆ ಹೊರಗೆ ಹೋಗಿ ಸಿಗರೇಟು ಸೇದಿ ಬರುತ್ತಿದ್ದರು.

"ಇಲ್ಲಣ್ಣ."

"ಹಂಗಾರ ನಾ ಅಕಿ ಬಾಜೂಕ ಕೂಡ್ತೇನಿ" ಎಂದು ಒಲೆಯ ಮುಂದೆ ಕೂತು, ಅವಳ ಕೈಯಿಂದ ಹಿಟ್ಟು ತೆಗೆದುಕೊಂಡು ರೊಟ್ಟಿ ಬಡಿಯತೊಡಗಿದ. ಅವ್ವ ಬೈಯುತ್ತಲೇ ಇದ್ದಳು, ಅವನು ಹೂಂ ಅನ್ನುತ್ತಲೇ ಇದ್ದ.